ಗಾಜಿನ ಮೇಲಣ ಬೆಲೆಯೂ ಮನಸ್ಸಿನೊಳಗಣ ಆಸೆಯೂ

ಸೊಪ್ಪಿನ ಕಟ್ಟಿಗೆ ಚೌಕಾಶಿ ಮಾಡುವುದು ನಮ್ಮ ಗೃಹಿಣಿಯರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಜವಳಿಯಂಗಡಿಯಲ್ಲಿ ಹೇಳಿದ ಬೆಲೆಗೂ ಕೊಟ್ಟ ಬೆಲೆಗೂ ನಡುವೆ ಎಷ್ಟು ಅಂತರವಿರತಕ್ಕದ್ದೆಂಬುದನ್ನು ಅವರು ಕಣ್ಣಂದಾಜಿನಿಂದಲೇ ಬಲ್ಲರು. ಆದರೆ ಇಂದು ಎಷ್ಟೋ ಮನೆಗಳ ಮಕ್ಕಳು ಅಮೆರಿಕಾ ದೇಶದಲ್ಲಿ ಉದ್ಯೋಗದಲ್ಲಿದ್ದಾರೆ. ಅವರಲ್ಲಿ ಕೆಲವರಿಗೆ, ಕೈಯಲ್ಲಿ ನಾಲ್ಕು ಕಾಸು ಸೇರಿದೊಡನೆ, ಒಂದು ಸ್ಪೋರ್ಟ್ಸ್ ಕಾರನ್ನು ಕೊಳ್ಳಬೇಕೆಂಬ ಹಂಬಲ ಹುಟ್ಟುವುದುಂಟು. ಮಗನೋ ಮಗಳೋ ಫೋನಿನಲ್ಲಿ, "ಕಾರಿನ ಗಾಜಿನ ಮೇಲೆ 40,000 ಡಾಲರೆಂದು ಚೀಟಿ ಅಂಟಿಸಿದ್ದಾರೆ, ಎಷ್ಟಕ್ಕೆ ಕೇಳಬೇಕೋ ತಿಳಿಯದು" ಎಂದರೆ, ಇಲ್ಲಿರುವ ತಂದೆತಾಯಿಗಳಿಗೆ ಉತ್ತರ ತೋಚುವುದಿಲ್ಲ. ಅಷ್ಟು ದೊಡ್ಡ ಕಂಪನಿಯ ಅಚ್ಚಾದ ಬೆಲೆಯನ್ನು ಕಡಿಮೆ ಮಾಡಿರೆಂದು ಕೇಳುವುದು ಮರ್ಯಾದೆಯೆ ಎಂಬ ಸಂಕೋಚವೂ ಕೆಲವರನ್ನು ಕಾಡುತ್ತದೆ. ಈ ತಿಂಗಳು ಆ ಪ್ರಶ್ನೆಗೆ ನನಗೆ ತಿಳಿದಮಟ್ಟಿಗೆ ಸಮಾಧಾನ ಹೇಳುತ್ತೇನೆ.

ಮೊದಲನೆಯದಾಗಿ, ಅಲ್ಲಿ ಚೌಕಾಶಿ ಮಾಡುವುದು ಅಮರ್ಯಾದೆಯಲ್ಲ. ಅದು ಆ ವ್ಯಾಪಾರದ ರೂಢಿಯೇ ಆಗಿದೆ. ಎರಡನೆಯದಾಗಿ, ರಿಯಾಯಿತಿಯು ಮಾತಿನ ಚಮತ್ಕಾರದಿಂದ ದೊರೆಯುವುದೆಂದು ಬಹು ಜನರು ನಂಬಿರುವರು, ಅದು ಸರಿಯಲ್ಲ. ಮಾತಿನಲ್ಲಿ ಡೀಲರನ ಮಾರಾಟಗಾರನನ್ನು ಗೆಲ್ಲುವೆನೆಂದು ಹೊರಡುವವನು, ದಿನಕ್ಕೆ ಹತ್ತು ಗಿರಾಕಿಗಳೊಡನೆ ಮಾತಾಡಿ ಪಳಗಿದವನೊಡನೆ ವಾದಕ್ಕಿಳಿಯುತ್ತಾನೆ. ಗೆಲುವು ತರುವವು ಎರಡೇ: ಲೆಕ್ಕವನ್ನು ಮುಂಚಿತವಾಗಿ ತಿಳಿದಿರುವುದು ಒಂದು, ಬೆಲೆ ಒಪ್ಪಿಗೆಯಾಗದಿದ್ದರೆ ಕುರ್ಚಿಯಿಂದ ಎದ್ದು ಬರುವ ಶಕ್ತಿ ಮತ್ತೊಂದು. ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಮೊದಲನೆಯದು ಸುಲಭ, ಎರಡನೆಯದು ಕಷ್ಟ. ಏತಕ್ಕೆಂದರೆ, ಅಕ್ಕಿಯನ್ನು ಹೊಟ್ಟೆಗಾಗಿ ಕೊಳ್ಳುತ್ತೇವೆ, ಈ ಕಾರನ್ನು ಮನಸ್ಸಿಗಾಗಿ ಕೊಳ್ಳುತ್ತೇವೆ. ಅರ್ಥದ ಸಾಧನದಿಂದ ಕಾಮದ ವಸ್ತುವನ್ನು ಪಡೆಯಹೋಗುವವನು ಎರಡನ್ನೂ ಹದದಲ್ಲಿಡಬೇಕಾಗುತ್ತದೆ.

ಬೆಲೆಯ ನ್ಯಾಯಾನ್ಯಾಯಗಳನ್ನು ಕುರಿತು ನಮ್ಮ ಹಿರಿಯರು ಯೋಚಿಸದೆ ಇರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯು 1905ನೆಯ ಇಸವಿಯಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಯಿತೆಂಬುದು ಕನ್ನಡಿಗರೆಲ್ಲರೂ ಹೆಮ್ಮೆಪಡತಕ್ಕ ಸಂಗತಿ. ಆ ಗ್ರಂಥದಲ್ಲಿ ವರ್ತಕರ ಲಾಭಕ್ಕೆ ಮಿತಿ ಹೇಳಿದೆ: ಸ್ವದೇಶದ ಸರಕಿಗೆ ಗೊತ್ತುಪಡಿಸಿದ ಕ್ರಯದ ಮೇಲೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10. ಇನ್ನೊಂದು ಕಡೆ, ಶುಲ್ಕಶಾಲೆಯ ಬಳಿ ಕೊಳ್ಳುವವರು ಪೈಪೋಟಿಯಿಂದ ಬೆಲೆಯನ್ನೇರಿಸಿದರೆ, ಏರಿದ ಆ ಹೆಚ್ಚಳವು ಶುಲ್ಕದೊಡನೆ ಬೊಕ್ಕಸಕ್ಕೆ ಸೇರತಕ್ಕದ್ದೆಂದು ವಿಧಿಸಿದೆ. ಎಂದರೆ, ಜನರ ಆಸೆಯ ಭರದಿಂದ ಹುಟ್ಟಿದ ಲಾಭವು ವರ್ತಕನ ಹಕ್ಕಲ್ಲವೆಂಬುದು ಅಲ್ಲಿನ ಅಭಿಪ್ರಾಯ. ಅಮೆರಿಕಾದ ಕಾರಿನ ಮಾರುಕಟ್ಟೆಯಲ್ಲಿ ಇಂತಹ ಮಿತಿಯೂ ಇಲ್ಲ, ಇಂತಹ ವಿಧಿಯೂ ಇಲ್ಲ. ಅಲ್ಲಿ ಕೊಳ್ಳುವವನೇ ತನ್ನ ಪಾಲಿಗೆ ಕೌಟಿಲ್ಯನಾಗಬೇಕು.

ಮಿತಿಯಿಲ್ಲದಿದ್ದರೂ ಆ ದೇಶದ ಕಾನೂನು ಒಂದು ಉಪಕಾರವನ್ನು ಮಾಡಿದೆ. ಹಿಂದೆ ಅಲ್ಲಿಯ ಡೀಲರರು ಹೊಸ ಗಾಡಿಯ ಬೆಲೆಯನ್ನು ತಮಗೆ ತೋಚಿದಂತೆ ಉಬ್ಬಿಸಿ, ಗಿರಾಕಿಯ ಹಳೆಯ ಗಾಡಿಗೆ ಉದಾರವಾಗಿ ಬೆಲೆ ಕಟ್ಟಿದಂತೆ ತೋರಿಸುತ್ತಿದ್ದರು. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಳ್ಳುವ ಈ ಪದ್ಧತಿಯನ್ನು ತಡೆಯುವುದಕ್ಕಾಗಿ, ಓಕ್ಲಹೋಮಾ ರಾಜ್ಯದ ಸೆನೆಟರ್ ಮೈಕ್ ಮನ್ರೋನಿ ಎಂಬವರ ಪ್ರಯತ್ನದಿಂದ 1958ರಲ್ಲಿ ಒಂದು ಕಾಯಿದೆ ಜಾರಿಗೆ ಬಂತು. ಅದರ ಪ್ರಕಾರ ಪ್ರತಿಯೊಂದು ಹೊಸ ಕಾರಿನ ಗಾಜಿನ ಮೇಲೂ ತಯಾರಕರು ಒಂದು ಚೀಟಿಯನ್ನು ಅಂಟಿಸಿರಬೇಕು. ಮೂಲಬೆಲೆ, ಹೆಚ್ಚಿನ ಉಪಕರಣಗಳ ಒಂದೊಂದರ ಬೆಲೆ, ಕಾರ್ಖಾನೆಯಿಂದ ಡೀಲರನಲ್ಲಿಗೆ ಸಾಗಿಸಿದ ಖರ್ಚು, ಇವುಗಳ ಒಟ್ಟು ಮೊತ್ತ ಎಲ್ಲವೂ ಅದರಲ್ಲಿ ಕಾಣಬೇಕು. ಗಾಡಿಯು ಕೊಂಡವನ ವಶವಾಗುವವರೆಗೆ ಆ ಚೀಟಿಯನ್ನು ಕೀಳುವುದು ಅಪರಾಧ. ಇದನ್ನು ಅಲ್ಲಿನವರು ಇಂದಿಗೂ ಮನ್ರೋನಿ ಚೀಟಿಯೆಂದೇ ಕರೆಯುವರು.

ಆದರೆ ಈ ಚೀಟಿಯನ್ನು ನೋಡಿ ನಮ್ಮವರು ಒಂದು ಭ್ರಮೆಗೆ ಒಳಗಾಗುವ ಸಂಭವವಿದೆ. ನಮ್ಮಲ್ಲಿ ಬಿಸ್ಕತ್ತಿನ ಪೊಟ್ಟಣದ ಮೇಲೆ ಅಚ್ಚಾಗಿರುವುದು ಗರಿಷ್ಠ ಮಾರಾಟ ಬೆಲೆ. ಅದಕ್ಕೆ ಮೀರಿ ಕೇಳುವುದು ಅಕ್ರಮ. ಅಮೆರಿಕಾದ ಕಾರಿನ ಚೀಟಿಯಲ್ಲಿರುವುದಾದರೋ ತಯಾರಕರು ಸೂಚಿಸಿದ ಬೆಲೆ ಮಾತ್ರ. ಡೀಲರನು ಅದಕ್ಕಿಂತ ಕಡಿಮೆಗೂ ಕೊಡಬಹುದು, ಹೆಚ್ಚಿಗೂ ಕೇಳಬಹುದು. ಅದು ಛಾವಣಿಯೂ ಅಲ್ಲ, ನೆಲವೂ ಅಲ್ಲ. ನಡುಗೋಡೆಗೆ ಹೊಡೆದ ಒಂದು ಗೂಟ. 1989ರಲ್ಲಿ ಜಪಾನಿನ ಮಾಜ್ದಾ ಕಂಪನಿಯ ಮಿಯಾಟಾ ಎಂಬ ಪುಟ್ಟ ಎರಡಾಸನದ ಕಾರು ಅಮೆರಿಕಾಕ್ಕೆ ಬಂದಾಗ ಅದರ ಆರಂಭದ ಬೆಲೆ ಸುಮಾರು 13,800 ಡಾಲರು. ಜನರು ಮುಗಿಬಿದ್ದುದರಿಂದ ಅನೇಕ ಡೀಲರರು ಅದರ ಮೇಲೆ ಸಾವಿರಾರು ಡಾಲರುಗಳನ್ನು ಹೆಚ್ಚಾಗಿ ಕೇಳಿದರು. 2019ರ ಜುಲೈಯಲ್ಲಿ ಷೆವ್ರೊಲೆಯವರು ಎಂಜಿನನ್ನು ಚಾಲಕನ ಬೆನ್ನ ಹಿಂದಕ್ಕೆ ಸರಿಸಿದ ಹೊಸ ಕಾರ್ವೆಟ್ ಕಾರನ್ನು ಪ್ರಕಟಿಸಿ, ಆರಂಭದ ಬೆಲೆ 60,000 ಡಾಲರಿಗಿಂತ ಕಡಿಮೆಯೆಂದು ಸಾರಿದಾಗಲೂ ಇದೇ ಕಥೆ ನಡೆಯಿತು. ಕೌಟಿಲ್ಯನು ಹೇಳಿದ ಕೊಳ್ಳುವವರ ಪೈಪೋಟಿ ಇದೇ. ಹೆಚ್ಚಳವು ಮಾತ್ರ ಬೊಕ್ಕಸಕ್ಕೆ ಹೋಗದೆ ಡೀಲರನ ಪೆಟ್ಟಿಗೆಗೆ ಹೋಯಿತು.

ಆದಕಾರಣ ಸೋಡಿಯ ಮಾತೆತ್ತುವುದಕ್ಕೆ ಮೊದಲು ತಿಳಿಯಬೇಕಾದದ್ದು ಇಷ್ಟು: ನಾವು ಬಯಸುವ ಕಾರು ಜನರು ಕಾದು ನಿಂತು ಕೊಳ್ಳುವ ಕಾರೋ, ಅಥವಾ ಡೀಲರನ ಅಂಗಳದಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಯುತ್ತಿರುವ ಕಾರೋ? ಮೊದಲನೆಯದಾದರೆ ಚೀಟಿಯ ಬೆಲೆಗೇ ದೊರೆತರೂ ಲಾಭವೆಂದು ತಿಳಿಯಬೇಕು, ಇಲ್ಲವೆ ಒಂದು ವರ್ಷ ಕಾಯಬೇಕು. ಎರಡನೆಯದಾದರೆ ಚೌಕಾಶಿಗೆ ಎಡೆಯುಂಟು. ಅಂಗಳದಲ್ಲಿರುವ ಕಾರುಗಳನ್ನು ಡೀಲರನು ಸಾಮಾನ್ಯವಾಗಿ ಸಾಲದ ಹಣದಿಂದ ತಂದು ನಿಲ್ಲಿಸಿರುತ್ತಾನೆ. ಒಂದೊಂದು ದಿನವೂ ಅವುಗಳ ಮೇಲೆ ಬಡ್ಡಿ ಬೆಳೆಯುತ್ತದೆ. ಮುಂದಿನ ವರ್ಷದ ಮಾದರಿ ಬಂದಮೇಲೆ ಉಳಿದ ಹಿಂದಿನ ವರ್ಷದ ಗಾಡಿಯು ಅವನಿಗೆ ಭಾರ. ಹಿಮ ಬೀಳುವ ಉತ್ತರದ ರಾಜ್ಯಗಳಲ್ಲಿ, ಮೇಲ್ಛಾವಣಿ ತೆರೆಯುವ ಸ್ಪೋರ್ಟ್ಸ್ ಕಾರನ್ನು ಡಿಸೆಂಬರು ಜನವರಿಯಲ್ಲಿ ಕೇಳುವವರು ವಿರಳ. ತಿಂಗಳ ಕೊನೆಯ ದಿನಗಳಲ್ಲಿ, ಗೊತ್ತುಮಾಡಿದ ಸಂಖ್ಯೆಯ ಗಾಡಿಗಳು ಮಾರಾಟವಾದರೆ ಕಂಪನಿಯಿಂದ ಬಹುಮಾನ ಬರುವುದಿದ್ದರೆ, ಒಂದು ಗಾಡಿಯ ಮೇಲೆ ಲಾಭವನ್ನು ಬಿಡಲು ಡೀಲರನೇ ಸಿದ್ಧನಾಗಿರಬಹುದು.

ಇನ್ನು ಡೀಲರನ ಲೆಕ್ಕ. ತಯಾರಕರು ಅವನಿಗೆ ಕಳುಹಿಸುವ ಪಟ್ಟಿಯ ಬೆಲೆಗೆ ಇನ್‌ವಾಯ್ಸ್ ಎಂದು ಹೆಸರು. ಇದು ಚೀಟಿಯ ಬೆಲೆಗಿಂತ ಕಡಿಮೆ. ಇದಲ್ಲದೆ ಹಲವು ಕಂಪನಿಗಳು, ಗಾಡಿ ಮಾರಾಟವಾದಮೇಲೆ ಬೆಲೆಯ ನೂರಕ್ಕೆ 1ರಿಂದ 3ರಷ್ಟನ್ನು ಡೀಲರನಿಗೆ ಹಿಂದಕ್ಕೆ ಕೊಡುತ್ತವೆ. ಅದಕ್ಕೆ ಹೋಲ್ಡ್‌ಬ್ಯಾಕ್ ಎನ್ನುತ್ತಾರೆ. ಉದಾಹರಣೆಗಾಗಿ ಕಲ್ಪಿಸಿದ ಒಂದು ಲೆಕ್ಕವನ್ನು ನೋಡೋಣ. ಚೀಟಿಯ ಬೆಲೆ 40,000 ಡಾಲರು, ಇನ್‌ವಾಯ್ಸ್ 38,000, ಹಿಂದಕ್ಕೆ ಬರುವುದು ನೂರಕ್ಕೆ 2ರಂತೆ 800. ಆಗ ಡೀಲರನಿಗೆ ಬಿದ್ದ ಅಸಲು 37,200. ನಿಮ್ಮ ಮಗನು 38,000 ಡಾಲರಿಗೆ ಕೇಳಿದಾಗ, "ಇದು ನಮಗೆ ಬಿದ್ದ ಬೆಲೆಯೇ, ಒಂದು ಡಾಲರೂ ಲಾಭವಿಲ್ಲ" ಎಂದು ಮಾರಾಟಗಾರನು ಪಟ್ಟಿಯನ್ನು ತೋರಿಸಬಹುದು. ಪಟ್ಟಿಯು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಹಾಗೆಂದು 37,200ಕ್ಕೆ ಕೊಡೆಂದು ಹಟ ಹಿಡಿಯುವುದೂ ಸಲ್ಲದು. ಅಂಗಡಿಯ ಬಾಡಿಗೆ, ಆಳುಗಳ ಸಂಬಳ, ಸಾಲದ ಬಡ್ಡಿ ಎಲ್ಲವೂ ಆ 800 ಡಾಲರಿನಲ್ಲಿಯೇ ಹೊರಡಬೇಕು. 38,000ದ ಆಸುಪಾಸಿನಲ್ಲಿ ಒಪ್ಪಂದವಾದರೆ ಉಭಯರಿಗೂ ಅನ್ಯಾಯವಿಲ್ಲ.

ರಿಯಾಯಿತಿಯಲ್ಲಿಯೂ ಎರಡು ಬಗೆಯುಂಟು, ಅವುಗಳನ್ನು ಕಲಸಬಾರದು. ಡೀಲರನು ತನ್ನ ಲಾಭದಲ್ಲಿ ಬಿಟ್ಟುಕೊಡುವುದು ಒಂದು. ಕಂಪನಿಯೇ ಕೊಳ್ಳುವವರಿಗೆ ಘೋಷಿಸಿದ ರಿಬೇಟು ಇನ್ನೊಂದು. ಕಂಪನಿಯು 1,000 ಡಾಲರು ರಿಬೇಟು ಕೊಡುತ್ತಿರುವಾಗ, ಮಾರಾಟಗಾರನು "ನಿಮಗಾಗಿ 1,000 ಡಾಲರು ಕಡಿಮೆ ಮಾಡಿದೆ" ಎಂದರೆ, ಅವನು ಪರರ ಅಕ್ಕಿಯಲ್ಲಿ ಅನ್ನದಾನ ಮಾಡಿದಂತಾಯಿತು. ಮೊದಲು ಡೀಲರನ ಬೆಲೆಯನ್ನು ಗೊತ್ತುಮಾಡಿಕೊಂಡು, ಬಳಿಕ ಕಂಪನಿಯ ರಿಬೇಟನ್ನು ಅದರಿಂದ ಕಳೆಯಬೇಕು. ಹಾಗೆಯೇ ಕೈಯಲ್ಲಿರುವ ಹಳೆಯ ಕಾರಿನ ವ್ಯವಹಾರವನ್ನು ಹೊಸದರ ಬೆಲೆ ಬರವಣಿಗೆಯಲ್ಲಿ ಬಂದಮೇಲೆಯೇ ಎತ್ತಬೇಕು. ಮನ್ರೋನಿಯವರು 1958ರಲ್ಲಿ ತಡೆಯಲೆಳಸಿದ ಆ ಹಳೆಯ ಕೈಚಳಕವು, ಎರಡು ಲೆಕ್ಕಗಳನ್ನು ಒಂದೇ ಉಸಿರಿನಲ್ಲಿ ಮಾತನಾಡಿದರೆ ಇಂದೂ ತಲೆಯೆತ್ತುತ್ತದೆ.

ಕ್ರಮವು ಹೀಗಿರಲಿ. ಅಂಗಡಿಗೆ ಕಾಲಿಡುವ ಮುಂಚೆ, ಬೇಕಾದ ಮಾದರಿ, ಬಣ್ಣ, ಉಪಕರಣಗಳನ್ನು ನಿಷ್ಕರ್ಷೆಮಾಡಿ, ನಾಲ್ಕೈದು ಊರುಗಳ ಡೀಲರರಿಗೆ ಒಂದೇ ಒಕ್ಕಣೆಯ ಇ-ಮೇಲನ್ನು ಕಳುಹಿಸಬೇಕು. ಅದರಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ತೆರಿಗೆ, ನೋಂದಣಿ, ಕಾಗದಪತ್ರಗಳ ಶುಲ್ಕ, ಸಾಗಣೆ ಎಲ್ಲವೂ ಸೇರಿ, ಕೀಲಿಕೈ ಕೈಗೆ ಬರುವ ಹೊತ್ತಿಗೆ ಒಟ್ಟು ಎಷ್ಟಾಗುತ್ತದೆ? ನಮ್ಮಲ್ಲಿ ಆನ್-ರೋಡ್ ಬೆಲೆಯೆಂದು ಕೇಳುವೆವಲ್ಲ, ಅದೇ ಇದು. ಬರಿಯ ಗಾಡಿಯ ಬೆಲೆಯನ್ನು ಕೇಳಿದರೆ, ಅಲ್ಲಿ ಬಿಟ್ಟ ಐನೂರು ಡಾಲರು ಕಾಗದಪತ್ರಗಳ ಶುಲ್ಕದ ವೇಷದಲ್ಲಿ ಹಿಂದಿರುಗಿ ಬರುತ್ತದೆ. ಸರಕಾರದ ತೆರಿಗೆಯಲ್ಲಿಯೂ ಚೀಟಿಯಲ್ಲಿ ಕಾಣಿಸಿದ ಸಾಗಣೆಯ ಖರ್ಚಿನಲ್ಲಿಯೂ ಚೌಕಾಶಿ ನಡೆಯದು. ಆದರೆ ಟೈರಿಗೆ ತುಂಬಿದ ನೈಟ್ರೋಜನ್, ಬಣ್ಣಕ್ಕೆ ಬಳಿದ ರಕ್ಷಣಾಲೇಪ, ಗಾಜಿನ ಮೇಲೆ ಕೊರೆದ ಸಂಖ್ಯೆ ಮುಂತಾಗಿ ಡೀಲರನು ತಾನೇ ಸೇರಿಸಿದ ಬಾಬುಗಳನ್ನು ಬೇಡವೆನ್ನಬಹುದು. ಬಂದ ಉತ್ತರಗಳಲ್ಲಿ ಅತಿ ಕಡಿಮೆಯದನ್ನು ಹಿಡಿದು, ಹತ್ತಿರದ ಡೀಲರನಿಗೆ ತೋರಿಸಿ, "ಇಷ್ಟಕ್ಕೆ ಕೊಡಬಲ್ಲಿರಾ?" ಎಂದು ಕೇಳಿದರೆ ಸಾಕು. ಹೆಚ್ಚು ಮಾತು ಬೇಕಾಗುವುದಿಲ್ಲ.

ಅಂಗಡಿಯಲ್ಲಿ ಕುಳಿತಮೇಲೆ ನಡೆಯುವ ಉಪಾಯಗಳನ್ನೂ ತಿಳಿದಿರುವುದು ಒಳ್ಳೆಯದು. ಅರುಂಧತಿಯನ್ನು ತೋರಿಸಹೊರಟವನು ಮೊದಲು ಹತ್ತಿರದ ದೊಡ್ಡ ನಕ್ಷತ್ರವನ್ನು ತೋರಿಸಿ, ಕ್ರಮವಾಗಿ ದೃಷ್ಟಿಯನ್ನು ಸೂಕ್ಷ್ಮದ ಕಡೆಗೆ ಒಯ್ಯುವನೆಂದು ನಮ್ಮ ಶಾಸ್ತ್ರಗಳಲ್ಲಿ ಒಂದು ನ್ಯಾಯವುಂಟು. ಮಾರಾಟಗಾರನು ಇದನ್ನು ತಿರುಗಿಸಿ ಪ್ರಯೋಗಿಸುತ್ತಾನೆ. ಸಣ್ಣ ಸಂಖ್ಯೆಯನ್ನು ತೋರಿಸಿ ದೊಡ್ಡದನ್ನು ಮರೆಮಾಡುತ್ತಾನೆ. "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಎಂಬುದೇ ಅವನ ಮೊದಲ ಪ್ರಶ್ನೆ. ಲೆಕ್ಕ ಹಾಕಿ ನೋಡಿ. 40,000 ಡಾಲರು ಸಾಲವನ್ನು ವರ್ಷಕ್ಕೆ ನೂರಕ್ಕೆ 7ರ ಬಡ್ಡಿಯಂತೆ 60 ತಿಂಗಳಲ್ಲಿ ತೀರಿಸಿದರೆ ಕಂತು ಸುಮಾರು 792. ಒಟ್ಟು ಕೊಟ್ಟದ್ದು ಸುಮಾರು 47,520. ಅದೇ ಸಾಲವನ್ನು 84 ತಿಂಗಳಿಗೆ ಎಳೆದರೆ ಕಂತು ಸುಮಾರು 604ಕ್ಕೆ ಇಳಿಯುತ್ತದೆ. ಒಟ್ಟು ಮಾತ್ರ 50,710ಕ್ಕೆ ಏರುತ್ತದೆ. ಬೆಲೆಯಲ್ಲಿ 1,000 ಡಾಲರು ಸೋಡಿ ಗಿಟ್ಟಿಸಿ ಹಿಗ್ಗಿದವನು, ಕಂತು ಹಗುರವಾಯಿತೆಂದು ಅವಧಿಯನ್ನು ಬೆಳೆಸಿ, ತಾನು ಗಿಟ್ಟಿಸಿದುದರ ಮೂರರಷ್ಟನ್ನು ಬಡ್ಡಿಯಾಗಿ ತೆತ್ತನು. ತಿಂಗಳ ಕಂತಿನ ಮಾತು ಬಂದಾಗಲೆಲ್ಲ "ಒಟ್ಟು ಎಷ್ಟು?" ಎಂಬ ಪ್ರಶ್ನೆಯನ್ನೇ, ಕಂಬವನ್ನು ಅಲ್ಲಾಡಿಸಿ ಅಲ್ಲಾಡಿಸಿ ನೆಡುವಂತೆ, ಮತ್ತೆ ಮತ್ತೆ ಕೇಳಬೇಕು.

ಬೆಲೆ ನಿಶ್ಚಯವಾದಮೇಲೆ ಇನ್ನೊಂದು ಕೋಣೆಗೆ ಕರೆದೊಯ್ಯುತ್ತಾರೆ. ಸಾಲದ ಪತ್ರಗಳು ಸಿದ್ಧವಾಗುವುದು ಅಲ್ಲಿ. ಗೆದ್ದೆನೆಂಬ ಸಂತೋಷದಲ್ಲಿ ಗಿರಾಕಿಯು ಎಚ್ಚರ ತಪ್ಪುವ ಸ್ಥಳವೂ ಅದೇ. ಬ್ಯಾಂಕಿನವರು ಒಂದು ದರಕ್ಕೆ ಸಾಲ ಕೊಡಲೊಪ್ಪಿದ್ದರೆ, ಡೀಲರನು ಅದಕ್ಕಿಂತ ಹೆಚ್ಚಿನ ದರವನ್ನು ಹೇಳಿ, ನಡುವಿನ ಅಂತರದಲ್ಲಿ ತಾನೂ ಪಾಲು ಪಡೆಯುವ ರೂಢಿಯುಂಟು. ಆದುದರಿಂದ ಮೊದಲೇ ಬೇರೆ ಬ್ಯಾಂಕಿನಲ್ಲಿಯೋ, ಸದಸ್ಯರ ಸಹಕಾರ ಸಂಸ್ಥೆಯಾದ ಕ್ರೆಡಿಟ್ ಯೂನಿಯನ್ನಿನಲ್ಲಿಯೋ ಸಾಲದ ಒಪ್ಪಿಗೆಪತ್ರವನ್ನು ಪಡೆದು ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ತರುಣರ ಸ್ಪೋರ್ಟ್ಸ್ ಕಾರಿಗೆ ವಿಮೆಯ ಕಂತು ಸಾಮಾನ್ಯವಾಗಿ ಹೆಚ್ಚು; ಅದನ್ನೂ ಮುಂಚೆಯೇ ವಿಚಾರಿಸಿರಬೇಕು. ಇನ್ನೊಂದು ಮುಖ್ಯ ಸಂಗತಿ: ಡೀಲರನ ಅಂಗಡಿಯಲ್ಲಿ ಕೊಂಡ ಹೊಸ ಕಾರನ್ನು ಮೂರು ದಿನಗಳಲ್ಲಿ ಹಿಂದಿರುಗಿಸಬಹುದೆಂಬ ನಂಬಿಕೆಯು ಜನರಲ್ಲಿದೆ. ಅಮೆರಿಕಾದ ಕೇಂದ್ರ ಕಾನೂನು ಅಂತಹ ಹಕ್ಕನ್ನು ಕೊಟ್ಟಿಲ್ಲ. ರುಜು ಬಿದ್ದಿತೆಂದರೆ ಗಾಡಿಯೂ ಸಾಲವೂ ನಿಮ್ಮವೇ.

ಇಷ್ಟೆಲ್ಲ ತಲೆನೋವು ಏತಕ್ಕೆ, ನೂರಿನ್ನೂರು ಡಾಲರಿಗೆ ಇಷ್ಟು ಹೋರಾಟವೆ ಎಂದು ಯಾರಾದರೂ ಕೇಳಬಹುದು. ಇಲ್ಲಿರುವುದು ಬರಿಯ ಹಣದ ಮಾತಲ್ಲ. ಇಯಾನ್ ಏರ್ಸ್ ಮತ್ತು ಪೀಟರ್ ಸೀಗಲ್‌ಮನ್ ಎಂಬ ವಿದ್ವಾಂಸರು ಅಮೆರಿಕಾದ ಷಿಕಾಗೋ ನಗರದ ಪ್ರಾಂತದಲ್ಲಿ ನಡೆಸಿದ ಒಂದು ಪರೀಕ್ಷೆಯ ಫಲವನ್ನು 1995ರಲ್ಲಿ ಪ್ರಕಟಿಸಿದರು. ಕೊಳ್ಳುವವರಂತೆ ನಟಿಸಬಲ್ಲ ಸ್ತ್ರೀಪುರುಷರನ್ನು, ಬಿಳಿಯರನ್ನೂ ಕರಿಯರನ್ನೂ, ತರಬೇತು ಮಾಡಿ, ಎಲ್ಲರಿಗೂ ಒಂದೇ ಮಾತನ್ನು ಕಲಿಸಿ, ಜೋಡಿಜೋಡಿಯಾಗಿ 300ಕ್ಕೂ ಹೆಚ್ಚು ಸಲ ಹೊಸ ಕಾರಿನ ಡೀಲರರಲ್ಲಿಗೆ ಕಳುಹಿಸಿದರು. ಮಾತು ಒಂದೇ ಆಗಿದ್ದರೂ ಬಿಳಿಯ ಪುರುಷರಿಗೆ ಹೇಳಿದ ಬೆಲೆ ಕಡಿಮೆ. ಸ್ತ್ರೀಯರಿಗೂ ಕರಿಯರಿಗೂ ಹೇಳಿದ ಬೆಲೆ ಹೆಚ್ಚು. ಬೆಲೆಯನ್ನು ಕಾರು ನಿರ್ಧರಿಸಲಿಲ್ಲ, ಎದುರಿಗೆ ಕುಳಿತ ಮುಖ ನಿರ್ಧರಿಸಿತು. ಹೊಸದಾಗಿ ಹೋಗಿ ನೆಲೆಸಿದ, ಉಚ್ಚಾರಣೆ ಬೇರೆಯಾದ, ಅಲ್ಲಿನ ಪದ್ಧತಿ ತಿಳಿಯದ ನಮ್ಮ ಹುಡುಗ ಹುಡುಗಿಯರು ಈ ಸಂಗತಿಯನ್ನು ಮನಸ್ಸಿನಲ್ಲಿಡಬೇಕು.

ಆದರೆ ರೋಗವನ್ನು ಹೇಳಿ ಔಷಧವನ್ನು ಹೇಳದಿರಬಾರದಷ್ಟೆ. ಫಿಯೋನಾ ಸ್ಕಾಟ್ ಮಾರ್ಟನ್, ಫ್ಲೋರಿಯನ್ ಜೆಟಲ್‌ಮೈಯರ್, ಜಾರ್ಜ್ ಸಿಲ್ವಾ-ರಿಸ್ಸೋ ಎಂಬ ಮೂವರು 2003ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಇಂಟರ್ನೆಟ್ಟಿನ ಮೂಲಕ ವಿಚಾರಿಸಿ ಕಾರು ಕೊಂಡ ಕರಿಯರೂ ಹಿಸ್ಪಾನಿಕರೂ ಬಿಳಿಯರು ಕೊಟ್ಟಷ್ಟೇ ಬೆಲೆಯನ್ನು ಹೆಚ್ಚು ಕಡಿಮೆ ಕೊಟ್ಟಿದ್ದರೆಂದು ತಿಳಿದುಬಂತು. ಮುಖ ಕಾಣದ ಕಡೆ, ಲೆಕ್ಕ ತಿಳಿದ ಕಡೆ, ಭೇದವು ಬಹುಮಟ್ಟಿಗೆ ಅಳಿಯಿತು. ಮೇಲೆ ಹೇಳಿದ ಇ-ಮೇಲಿನ ಕ್ರಮವು ಕೇವಲ ಸೋಮಾರಿತನದ ಅನುಕೂಲವಲ್ಲವೆಂಬುದಕ್ಕೆ ಇದೇ ಸಾಕ್ಷಿ. ವಿದ್ಯೆಯು ದುರ್ಬಲನ ಬಲವೆಂಬುದನ್ನು ಪಾಠಶಾಲೆಯಲ್ಲಿ ಹೇಳುವುದು ಸುಲಭ. ಪೇಟೆಯಲ್ಲಿ ಅದು ಡಾಲರಿನ ಲೆಕ್ಕದಲ್ಲಿಯೇ ಕಣ್ಣಿಗೆ ಕಾಣುತ್ತದೆ.

ಲೆಕ್ಕ ತಿಳಿದವನಿಗೆ ಸುಳ್ಳಿನ ಅಗತ್ಯವೂ ಇರುವುದಿಲ್ಲ. ಬೇರೊಬ್ಬ ಡೀಲರನು ಹೇಳದ ಬೆಲೆಯನ್ನು ಹೇಳಿದನೆನ್ನುವುದು, ಕೊಳ್ಳುವ ಮನಸ್ಸಿಲ್ಲದೆ ಮಾರಾಟಗಾರನ ಅರ್ಧ ದಿನವನ್ನು ಹಾಳುಮಾಡುವುದು, ಒಪ್ಪಿದ ಬೆಲೆಯನ್ನು ಕೊನೆಯ ಗಳಿಗೆಯಲ್ಲಿ ಮುರಿಯುವುದು, ಇವು ಚಾತುರ್ಯವೆನಿಸಲಾರವು. ಆ ಮಾರಾಟಗಾರನಿಗೂ ಸಂಸಾರವುಂಟು. ಅವನ ಸಂಬಳದ ಬಹುಭಾಗವು ಮಾರಾಟದ ಮೇಲಿನ ದಸ್ತೂರಿಯಿಂದ ಬರತಕ್ಕದ್ದು. ಅವನು ತನ್ನ ಲಾಭವನ್ನು ನೋಡುವುದು ತಪ್ಪಲ್ಲ. ನಾವು ನಮ್ಮ ಲಾಭವನ್ನು ನೋಡುವುದೂ ತಪ್ಪಲ್ಲ. ಮೃದುವಾದ ಮಾತು, ಬದಲಾಗದ ಸಂಖ್ಯೆ, ಇವೆರಡೂ ಜೊತೆಯಾದರೆ ಚೌಕಾಶಿಯು ಜಗಳವಾಗದೆ ವ್ಯವಹಾರವಾಗುತ್ತದೆ.

ಈ ವಿಚಾರವು ಪರದೇಶದಲ್ಲಿರುವವರಿಗೆ ಮಾತ್ರವೆಂದು ತಿಳಿಯಬೇಡಿ. ನಮ್ಮ ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಯಾವ ಹೊಸ ಕಾರನ್ನು ಕೊಳ್ಳುವಾಗಲೂ ಷೋರೂಮಿನ ಬೆಲೆ, ಜೀವಾವಧಿ ತೆರಿಗೆ, ನೋಂದಣಿ, ವಿಮೆ, ಉಪಕರಣಗಳು ಎಂದು ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ವಿಮೆಯನ್ನು ಡೀಲರನಲ್ಲಿಯೇ ಕೊಳ್ಳಬೇಕೆಂಬ ನಿರ್ಬಂಧವಿಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದ್ದರೂ, ಅದನ್ನು ಯಾವ ಕಂಪನಿಯಲ್ಲಿ ಮಾಡಿಸುವುದೆಂಬುದು ನಿಮ್ಮ ಇಷ್ಟ. 10 ಲಕ್ಷ ರೂಪಾಯಿಗೆ ಮೀರಿದ ಗಾಡಿಗೆ ನೂರಕ್ಕೆ 1ರಂತೆ ಡೀಲರನು ವಸೂಲು ಮಾಡಿ ಸರಕಾರಕ್ಕೆ ಕಟ್ಟುವ ತೆರಿಗೆಯು 2016ರ ಜೂನಿನಿಂದ ರೂಢಿಯಲ್ಲಿದೆ. ಆ ಹಣವನ್ನು ನಿಮ್ಮ ಆದಾಯ ತೆರಿಗೆಯ ಲೆಕ್ಕದಲ್ಲಿ ಹಿಡಿದುಕೊಳ್ಳಬಹುದು, ರಸೀತಿಯನ್ನು ಕಳೆಯಬೇಡಿ. ಹ್ಯಾಂಡ್ಲಿಂಗ್ ಚಾರ್ಜು ಎಂಬ ಹೆಸರಿನ ಬಾಬು ಕಂಡರೆ, ಅದು ಯಾವ ಕೆಲಸಕ್ಕೆಂದು ವಿವರ ಕೇಳಿರಿ. ವರ್ಷದ ಕೊನೆಯಲ್ಲಿ ಸೋಡಿ ಹೆಚ್ಚು. ಆದರೆ ಮುಂದೆ ಮಾರುವಾಗ ಗಾಡಿ ತಯಾರಾದ ವರ್ಷವನ್ನೇ ನೋಡುತ್ತಾರೆಂಬುದನ್ನೂ ತೂಗಿ ನೋಡಬೇಕು.

ಕೊನೆಯದಾಗಿ ಮನೆಯವರ ಕರ್ತವ್ಯ. ಕಾರನ್ನು ನೋಡಲು ಹೋಗುವಾಗ, ಆ ಕಾರಿನ ಮೇಲೆ ಮನಸ್ಸಿಲ್ಲದವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಹೆಂಡತಿಯಾಗಲಿ, ಗಂಡನಾಗಲಿ, ಸ್ನೇಹಿತನಾಗಲಿ. ಆಸೆಪಟ್ಟವನ ಮುಖವನ್ನು ಮಾರಾಟಗಾರನು ಬಾಗಿಲಲ್ಲಿಯೇ ಓದುತ್ತಾನೆ. ಕೆಂಪು ಬಣ್ಣವನ್ನು ಸವರಿ ನೋಡಿದ ಕೈ, ಆಸನದಲ್ಲಿ ಕುಳಿತಾಗ ಬಿಟ್ಟ ನಿಟ್ಟುಸಿರು, ಎಲ್ಲವೂ ಬೆಲೆಪಟ್ಟಿಯಲ್ಲಿ ಅಚ್ಚಾಗದ ಬಾಬುಗಳಾಗಿ ಸೇರುತ್ತವೆ. ಇಲ್ಲಿರುವ ತಂದೆತಾಯಿಗಳೂ, "ಯಾವಾಗ ಕೊಳ್ಳುತ್ತೀ, ಫೋಟೋ ಯಾವಾಗ ಕಳುಹಿಸುತ್ತೀ" ಎಂದು ಅವಸರಪಡಿಸಬಾರದು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ಪೇಟೆಯಲ್ಲಿ ನಡೆಯುವಷ್ಟು ನಿಜವಾಗಿ ಇನ್ನೆಲ್ಲಿಯೂ ನಡೆಯದು. ಮನೆಯಿಂದ ಹೊರಡುವ ಮುಂಚೆ ಒಂದು ಕಾಗದದ ಮೇಲೆ ತಾನು ಕೊಡಬಲ್ಲ ಕಡೆಯ ಮೊತ್ತವನ್ನು ಬರೆದು ಜೇಬಿನಲ್ಲಿಟ್ಟುಕೊಳ್ಳುವಂತೆ ಮಗನಿಗೆ ಹೇಳಿರಿ. ಅದಕ್ಕಿಂತ ಹೆಚ್ಚಾದರೆ ನಮಸ್ಕಾರ ಹೇಳಿ ಎದ್ದು ಬರಲಿ. ಅನೇಕ ವೇಳೆ ಮರುದಿನ ಡೀಲರನಿಂದಲೇ ಫೋನು ಬರುತ್ತದೆ. ಬಾರದಿದ್ದರೆ, ಆ ಬೆಲೆಗೆ ಆ ಕಾರು ಅಲ್ಲಿ ದೊರೆಯದೆಂಬುದು ನಿಶ್ಚಯವಾಯಿತು. ಬೇರೆ ಊರಿನ ಡೀಲರನಿಗೆ ಬರೆಯಬಹುದು, ಮುಂದಿನ ಚಳಿಗಾಲದವರೆಗೆ ಕಾಯಬಹುದು. ಕಾರುಗಳು ಕಾರ್ಖಾನೆಯಿಂದ ಬರುತ್ತಲೇ ಇರುತ್ತವೆ. ಏಳು ವರ್ಷ ಕಂತು ಕಟ್ಟುವವರು ಮಾತ್ರ ನಿಮ್ಮ ಮಕ್ಕಳು.